ಸಂಪಾದಕರ ಉತ್ತರ: ಯಾವ ಶಿರೂರು?

ಪತ್ರ: "ನಾನು ಕುಮಟಾ ಕಡೆಯ ನಿವೃತ್ತ ಶಿಕ್ಷಕಿ. ಹೆಸರು ಹಾಕಬೇಡಿ. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಟೀವಿ ವರದಿಗಾರ. ತಿಂಗಳಿಗೆ ನಾಲ್ಕೈದು ಸಲ ವಿಮಾನದಲ್ಲಿ ಓಡಾಡುತ್ತಾನೆ. ಟಿಕೆಟ್, ಹೋಟೆಲು, ಊಟ ಎಲ್ಲ ಕಂಪನಿಯದ್ದು. ಆದರೂ ಮನೆಗೆ ಬಂದರೆ 'ಸಾಕಾಯ್ತು ದೊಡ್ಡಮ್ಮ' ಅನ್ನುತ್ತಾನೆ. ವಿಮಾನದ ಸದ್ದು ಕೇಳಿದರೆ ಅಂಗಳಕ್ಕೆ ಓಡಿ ಬಂದು ನೋಡಿದವರು ನಾವು. ಅವನಿಗೆ ಎಂಥ ಕಷ್ಟ? ನೀವೂ ಟೀವಿಯಲ್ಲಿ ಇದ್ದವರು, ಹೇಳಿ. ಇನ್ನೊಂದು, ಅಂಕೋಲಾದಲ್ಲಿ ವಿಮಾನ ನಿಲ್ದಾಣ ಆದರೆ ಬೆಂಗಳೂರಿನ ಚಾನೆಲ್‌ಗಳು ಬೇಗ ಬಂದು ನಮ್ಮ ಜಿಲ್ಲೆಯ ಕಷ್ಟ ತೋರಿಸುತ್ತವೆ, ಅಲ್ವಾ? ಕೊನೆಯದಾಗಿ, ಅವನು ಗೋವಾದಲ್ಲಿ ವಿಮಾನ ಹತ್ತುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಬಹುದೋ?"

ಅಕ್ಕೋರೇ, ಮೂರು ಪ್ರಶ್ನೆ ಕೇಳಿದ್ದೀರಿ. ಅದರಲ್ಲಿ ಮೂರನೆಯದಕ್ಕೆ ಮಾತ್ರ ನನ್ನ ಹತ್ತಿರ ಖಚಿತ ಉತ್ತರ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಅಲ್ಲಿಗೇ ಪುಟ ಮಗುಚುತ್ತೀರಿ.

ನಿಮ್ಮ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಕಂಪನಿ ದುಡ್ಡಿನಲ್ಲಿ ಮೋಡದ ಮೇಲೆ ಹೋಗುವುದು ಸುಖವೇ. ನಾನು ಮೊದಲ ಸಲ ಬೆಂಗಳೂರಿನಿಂದ ದೆಹಲಿಗೆ ಹಾರಿದಾಗ ಬೋರ್ಡಿಂಗ್ ಪಾಸನ್ನು ಒಂದು ವರ್ಷ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಆಗ ವಿಮಾನ ನಿಲ್ದಾಣ ಊರೊಳಗೇ ಇತ್ತು, ಎಚ್‌ಎಎಲ್‌ನಲ್ಲಿ. ದೇವನಹಳ್ಳಿ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಶಿರಸಿಗೆ ಬಂದಾಗ ಆ ಪಾಸನ್ನು ಬೇಕಂತಲೇ ಎಲ್ಲರಿಗೂ ಕಾಣುವ ಹಾಗೆ ಪುಟಗುರುತು ಮಾಡಿಕೊಂಡು ಓಡಾಡಿದ್ದೂ ಉಂಟು.

ಅದಾದ ಮೇಲೆ ನಿಮ್ಮ ಮಗನಂಥವರ ದಿನ ಹೇಗಿರುತ್ತದೆ ಕೇಳಿ. ರಾತ್ರಿ ಎರಡಕ್ಕೆ ಅಸೈನ್‌ಮೆಂಟ್ ಡೆಸ್ಕಿನ ಫೋನು. ಐದಕ್ಕೆ ವಿಮಾನ. ವರದಿಗಾರನ ಜೊತೆ ಕ್ಯಾಮೆರಾಮನ್, ಅವನ ಜೊತೆ ಬ್ಯಾಟರಿಗಳು. ಟೀವಿ ಕ್ಯಾಮೆರಾದ ಬ್ಯಾಟರಿ ಇಟ್ಟಿಗೆಯಷ್ಟು ದಪ್ಪ ಇರುತ್ತದೆ. ಲಿಥಿಯಂನದ್ದಾದ್ದರಿಂದ ಬಿಡಿ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಬ್ಯಾಟರಿಯಲ್ಲಿ ಹಿಡಿಸುವ ಶಕ್ತಿ 100 ವ್ಯಾಟ್ ಅವರ್ ತನಕ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಅದರ ಮೇಲೆ 160ರ ತನಕ ವಿಮಾನದವರ ಒಪ್ಪಿಗೆ ಬೇಕು. ಅದಕ್ಕೇ ಬ್ಯಾಟರಿ ಮಾಡುವವರು 95ಕ್ಕೋ 98ಕ್ಕೋ ನಿಲ್ಲಿಸುತ್ತಾರೆ, ಅಂಗಡಿಯಲ್ಲಿ ಬೆಲೆಯನ್ನು 99ಕ್ಕೆ ನಿಲ್ಲಿಸಿದ ಹಾಗೆ. ಒಂದೊಂದನ್ನೂ ತೆಗೆದು ಟ್ರೇಯಲ್ಲಿ ಇಡಬೇಕು, ಇದೇನು ಅಂತ ಹೇಳಬೇಕು. ಹಿಂದೆ ನಿಂತವರ ಗೊಣಗಾಟ ಬೇರೆ. ಟ್ರೈಪಾಡ್ ಲಗೇಜಿನಲ್ಲಿ ಹೋಗುತ್ತದೆ, ಮತ್ತು ಯಾವಾಗಲೂ ಬೆಲ್ಟಿನಲ್ಲಿ ಕಟ್ಟಕಡೆಗೆ ಬರುತ್ತದೆ. ಒಮ್ಮೆ ಬರಲೇ ಇಲ್ಲ. ಎರಡು ಸೂಟ್‌ಕೇಸಿನ ಮೇಲೆ ಕ್ಯಾಮೆರಾ ಕೂರಿಸಿ ಹನ್ನೊಂದರ ಲೈವ್ ಕೊಟ್ಟೆವು. ನೋಡಿದವರಿಗೆ ನಾನು ಗುಂಡಿಯೊಳಗೆ ನಿಂತು ಮಾತಾಡಿದ ಹಾಗೆ ಕಂಡಿತಂತೆ.

ಕಿವಿಯ ಕಥೆಯೂ ಇದೆ. ದೇವಿಮನೆ ಘಟ್ಟ ಇಳಿಯುವಾಗ ಕಿವಿ ಗುಂಯ್ ಅನ್ನುತ್ತದಲ್ಲ? ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟೇ ಇರುತ್ತದೆ. ಅಲ್ಲಿಂದ ಅರ್ಧ ತಾಸಿನಲ್ಲಿ ನೆಲಕ್ಕೆ ಬರಬೇಕು. ನೆಗಡಿ ಇದ್ದರೆ ಮೂಗಿನಿಂದ ಕಿವಿಗೆ ಹೋಗುವ ನಳಿಕೆ ಮುಚ್ಚಿಕೊಂಡು ಕಿವಿ ಕಟ್ಟುತ್ತದೆ. ನಾನು ಹಾಗೆ ಕಿವಿ ಕಟ್ಟಿಕೊಂಡೇ ದೆಹಲಿಯಲ್ಲಿ ಲೈವಿಗೆ ನಿಂತಿದ್ದೆ. ಆಂಕರ್ ಕೇಳಿದ್ದು ಇಯರ್‌ಪೀಸಿನಲ್ಲಿ ನೀರೊಳಗಿನ ಮಾತಿನ ಹಾಗೆ ಬಂತು. "ಖಂಡಿತವಾಗಿಯೂ" ಅಂತ ಶುರುಮಾಡಿ ಎರಡು ನಿಮಿಷ ಮಾತಾಡಿದೆ. ಅವರು ಕೇಳಿದ್ದು "ಅಲ್ಲಿ ಈಗ ಮಳೆ ನಿಂತಿದೆಯೇ?" ಅಂತ. ನಾನು ಸಂಪುಟ ವಿಸ್ತರಣೆಯ ಬಗ್ಗೆ ಹೇಳಿದೆ. ಸೋಜಿಗ ಅಂದರೆ ಒಬ್ಬನೂ ಫೋನ್ ಮಾಡಿ ತಪ್ಪು ಹೇಳಲಿಲ್ಲ. ಟೀವಿ ಮಾತನ್ನು ಜನ ಎಷ್ಟು ಕೇಳಿಸಿಕೊಳ್ಳುತ್ತಾರೆ ಅಂತ ಅವತ್ತೇ ಗೊತ್ತಾಯಿತು.

ವಿಮಾನದೊಳಗಾದರೂ ನಮ್ಮವರು ಸುಮ್ನೆ ಕೂತರೋ? 2020ರ ಸೆಪ್ಟೆಂಬರಿನಲ್ಲಿ ಚಂಡೀಗಢದಿಂದ ಮುಂಬೈಗೆ ಹೋಗುವ ವಿಮಾನದಲ್ಲಿ ನಟಿಯೊಬ್ಬರ ಮಾತು ಬೇಕು ಅಂತ ಸುದ್ದಿಯವರು ಮೈಮೇಲೆ ಬಿದ್ದರು, ಅದೂ ಕೊರೊನಾ ಕಾಲದಲ್ಲಿ. ವಿಮಾನದೊಳಗೆ ಹೀಗೆ ನಿಯಮ ಮುರಿದು ಚಿತ್ರೀಕರಿಸಿದರೆ ಆ ಮಾರ್ಗದ ವಿಮಾನವನ್ನೇ ಎರಡು ವಾರ ನಿಲ್ಲಿಸುತ್ತೇವೆ ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ ಆದೇಶ ಹೊರಡಿಸಬೇಕಾಯಿತು. ನಾಚಿಕೆಯ ವಿಷಯ.

ಇಷ್ಟು ನಿಮ್ಮ ಮಗನ ಪರವಾಗಿ ಹೇಳಿದೆ. ಇನ್ನು ನಿಮ್ಮ ಎರಡನೇ ಪ್ರಶ್ನೆ. ಅದನ್ನು ಓದಿದಾಗ ಸ್ವಲ್ಪ ಬೇಜಾರಾಯಿತು ಅಕ್ಕೋರೇ. ಮೂವತ್ತು ವರ್ಷ ಮಕ್ಕಳಿಗೆ ಜಿಲ್ಲೆಯ ನಕ್ಷೆ ಬಿಡಿಸಲು ಕಲಿಸಿದವರು ನೀವು. ಬೇಗ ಬಂದವರು ಚೆನ್ನಾಗಿ ನೋಡುತ್ತಾರೆ ಅಂತ ನೀವೂ ನಂಬಿಬಿಟ್ಟಿರಾ?

2010ರ ಮೇ 22, ಮಂಗಳೂರು. ದುಬೈನಿಂದ ಬಂದ ವಿಮಾನ ಬೆಳಗಿನ ಹೊತ್ತು ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಸತ್ತರು, ಎಂಟು ಜನ ಉಳಿದರು. ವಿಮಾನವೇ ಬಿದ್ದ ದಿನ ಅಲ್ಲಿಗೆ ವಿಮಾನದಲ್ಲಿ ಹೋಗುವುದು ಹೇಗೆ? ನಾವು ಶಿರಾಡಿ ಘಾಟಿಯಲ್ಲಿ ಕಾರು ಓಡಿಸಿಕೊಂಡು ಮಧ್ಯಾಹ್ನ ಮುಟ್ಟಿದೆವು. ಅಷ್ಟರಲ್ಲಿ ಸುತ್ತಲಿನ ಊರಿನವರು ಇಳಿಜಾರಿನಲ್ಲಿ ಇಳಿದು, ಹೊತ್ತು, ಆಂಬುಲೆನ್ಸಿಗೆ ಹಾಕಿ, ಕೈ ತೊಳೆದುಕೊಂಡು ಕೂತಿದ್ದರು. ನಾನು ಅವರಲ್ಲಿ ಒಬ್ಬರ ಮುಂದೆ ಮೈಕ್ ಹಿಡಿದೆ. ಅವರು ಮಾತಾಡಲಿಲ್ಲ. ಲುಂಗಿಯ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಲೇ ಇದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಡೆಸ್ಕಿನವರು "ಬೈಟ್ ಎಲ್ಲಿ?" ಅಂತ ಕೇಳಿದರು. ಬೈಟ್ ಅಂದರೆ ಮೈಕಿಗೆ ಹೇಳಿದ ಮಾತಿನ ತುಣುಕು. ಅವತ್ತು ಬೈಟ್ ಇರಲಿಲ್ಲ. ಆಮೇಲೆ ಯಾವ ವಿಮಾನ ಹತ್ತಿದರೂ ತುರ್ತು ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಯೇ ನಾನು ಬೆಲ್ಟ್ ಹಾಕುವುದು.

ಈಗ ಶಿರೂರಿಗೆ ಬರುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ನಾನು ಅಷ್ಟರಲ್ಲಿ ಟೀವಿ ಬಿಟ್ಟು ಶಿರಸಿಗೆ ಬಂದು ಈ ಪತ್ರಿಕೆಗೆ ಅಂಟಿಕೊಂಡಿದ್ದೆ. ಬೆಂಗಳೂರಿನ ಹಳೆಯ ಗೆಳೆಯರ ತಂಡವೊಂದು ಮಂಗಳೂರಿಗೆ ಹಾರಿ ಬಂದು, ಅಲ್ಲಿಂದ ಕಾರು ಮಾಡಿ, ಫೋನಿನ ನಕ್ಷೆ ಹೇಳಿದ ಹಾಗೆ ಹೊರಟಿತು. ಮಧ್ಯಾಹ್ನ ನನಗೆ ಫೋನು. "ಸರ್, ಶಿರೂರಿಗೆ ಬಂದಿದೀವಿ. ಇಲ್ಲಿ ಕುಸಿದ ಗುಡ್ಡ ಕಾಣ್ತಿಲ್ಲ. ಟೋಲ್‌ಗೇಟ್ ಇದೆ." ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಶಿರೂರು ಅದು! ಅದೇ ಹೆದ್ದಾರಿ, ಅದೇ ಹೆಸರು, ನಡುವೆ ಇನ್ನೂ ಎರಡು ತಾಸಿನ ದಾರಿ. ನಕ್ಕುಬಿಟ್ಟೆ, ಆಮೇಲೆ ನಗಬಾರದಿತ್ತು ಅನ್ನಿಸಿತು. ಉತ್ತರ ಕನ್ನಡವನ್ನು ಉತ್ತರ ಕರ್ನಾಟಕ ಅಂತ ಬರೆಯುವ ಡೆಸ್ಕುಗಳಿಂದ ಹೊರಟ ಹುಡುಗರು, ಅವರನ್ನು ಏನು ಬೈಯುವುದು?

ಅವರು ಮುಟ್ಟುವ ಹೊತ್ತಿಗೆ ನಮ್ಮ ಸ್ಟ್ರಿಂಗರ್ ಹುಡುಗ ಮೂರು ದಿನದಿಂದ ಒಂದೇ ರೇನ್‌ಕೋಟಿನಲ್ಲಿ ಅಲ್ಲಿದ್ದ. ಸ್ಟ್ರಿಂಗರ್ ಅಂದರೆ ಸಂಬಳ ಇಲ್ಲದವನು. ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಅದೂ ಕೊಟ್ಟರೆ ಕೊಟ್ಟರು. ಅವನ ಬೈಕಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ನಾಲ್ಕು ಚಾನೆಲ್‌ನ ಲೋಗೋ ಇದ್ದವು. ಮೈಕ್ ಒಂದೇ. ಲೋಗೋ ತೆಗೆದು ಲೋಗೋ ಹಾಕಿ ಒಬ್ಬರ ಹತ್ತಿರವೇ ನಾಲ್ಕು ಸಲ ಮಾತಾಡಿಸುತ್ತಾನೆ. ಕ್ಯಾಮೆರಾಗಳೆಲ್ಲ ಹೆದ್ದಾರಿಯ ಕಡೆ ತಿರುಗಿದ್ದಾಗ ಅವನು ಎದುರು ದಡದ ಉಳುವರೆಗೆ ಹೋಗಿ ಬಂದಿದ್ದ. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಅಲ್ಲಿಯ ಮನೆಗಳನ್ನು ಕೆಡವಿತ್ತು. "ಅಲ್ಲಿಗೆ ಹೋಗಬೇಕು ಅಂತ ಹೆಂಗೆ ಹೊಳೀತೋ?" ಅಂತ ಕೇಳಿದೆ. "ಅತ್ತಿಗೆ ತವರುಮನೆ ಆ ಕಡೆ ಅಲ್ವಾ" ಅಂದ.

ನೋಡಿ, ನಾನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದದ್ದು ಇಷ್ಟೇ. ಊರಿನಲ್ಲಿ ಒಂದು ರಾತ್ರಿ ಮಲಗದ ವರದಿಗಾರನ ಮಾತನ್ನು ಪೂರ್ತಿ ನಂಬಬೇಡಿ. ಹಗಲು ಮೈಕಿಗೆ ಹೇಳಿದ್ದನ್ನು ಜನ ರಾತ್ರಿ ಜಗಲಿಯಲ್ಲಿ ಬೇರೆ ಥರ ಹೇಳುತ್ತಾರೆ. ಶಿರೂರಿನಲ್ಲಿ ಕೇರಳದ ಚಾನೆಲ್‌ನವರ ಗಲಾಟೆ ಜಾಸ್ತಿಯಾಯಿತು, ಗುಡ್ಡದ ಮಣ್ಣಿಗೆ ಸಿಕ್ಕಿ ಸತ್ತ ಚಹಾ ಅಂಗಡಿಯ ಸಂಸಾರ ಬಿಟ್ಟು ಬರೀ ಲಾರಿ ಸಮೇತ ಕಾಣೆಯಾದ ಅವರ ಡ್ರೈವರ್ ಸುದ್ದಿ ಅಂತ ನಮ್ಮವರಿಗೆ ಸಿಟ್ಟು ಬಂತು. ನನಗೂ ಬಂದಿತ್ತು. ಆದರೆ ಅವರು ರೂಮು ಮಾಡಿಕೊಂಡು ಕೂತರು. ಸೆಪ್ಟೆಂಬರ್ 25ಕ್ಕೆ ಆ ಲಾರಿ ನದಿಯಿಂದ ಮೇಲೆ ಬಂತು, 71 ದಿನದ ಮೇಲೆ. ನಮ್ಮ ಚಾನೆಲ್‌ನ ಗೆಳೆಯರು ನಾಲ್ಕನೇ ದಿನ ವಾಪಸ್ ವಿಮಾನ ಹಿಡಿದಿದ್ದರು.

ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲಾರಿಯೊಂದು ನೀರಿಗೆ ಹೋಯಿತು, ಡ್ರೈವರ್ ಬದುಕಿದ. ಆ ಹೊತ್ತಿಗೆ ಯಾವ ವಿಮಾನ ಬರಬೇಕಿತ್ತು ಹೇಳಿ? ಫೋನು ಹಿಡಿದು ಓಡಿದವರು ಊರಿನವರೇ. ಬೆಳಿಗ್ಗೆ ಆ ದೃಶ್ಯದ ಮೇಲೆ ಒಂದೊಂದು ಚಾನೆಲ್‌ನವರೂ "ನಮ್ಮಲ್ಲೇ ಮೊದಲು" ಅಂತ ಹಾಕಿಕೊಂಡರು.

ವಿಮಾನ ನಿಲ್ದಾಣ ಬೇಡ ಅಂತ ನಾನು ಹೇಳುತ್ತಿಲ್ಲ. ಅಂಕೋಲಾದ ಅಲಗೇರಿಯಲ್ಲಿ ಆಗುವುದಾದರೆ ಆಗಲಿ, ಕಾರವಾರದವರಿಗೆ ಗೋವಾದ ದಾಬೋಲಿಂ ನಿಲ್ದಾಣಕ್ಕೆ ಓಡುವುದು ತಪ್ಪಲಿ. ಈಗಂತೂ 2023ರಿಂದ ಗೋವಾದಲ್ಲಿ ಎರಡು ನಿಲ್ದಾಣ. ಟಿಕೆಟ್ಟಿನಲ್ಲಿ ಗೋವಾ ಅಂತ ನೋಡಿ ಖುಷಿಪಟ್ಟವರು ರಾಜ್ಯದ ಆ ತುದಿಯ ಮೋಪಾದಲ್ಲಿ ಇಳಿದು ತಲೆ ಮೇಲೆ ಕೈ ಹೊತ್ತದ್ದುಂಟು. ಆದರೆ ಕಾಳಿಯ ಅಣೆಕಟ್ಟುಗಳಿಗೆ, ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಅಂತ ಜಾಗ ಬಿಟ್ಟುಕೊಟ್ಟು ಎದ್ದ ಊರುಗಳವರನ್ನು ಕೇಳಿ ನೋಡಿ. ಅವರ ಸುದ್ದಿ ಬರದೇ ಇದ್ದದ್ದು ವಿಮಾನ ಇಲ್ಲದ್ದಕ್ಕೋ?

ಆ ಟೋಲ್‌ಗೇಟ್ ನಿಮಗೂ ನೆನಪಿರಬೇಕು ಅಕ್ಕೋರೇ. ನಮ್ಮ ಹುಡುಗರು ದಾರಿ ತಪ್ಪಿ ನಿಂತ ಆ ಶಿರೂರಿನದ್ದು. 2022ರ ಜುಲೈ 20ರಂದು ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಅಲ್ಲಿಯ ಕಂಬಕ್ಕೆ ಬಡಿದು ನಾಲ್ಕು ಜನ ತೀರಿಕೊಂಡರು. ಸಿಸಿಟೀವಿ ದೃಶ್ಯ ಸಿಕ್ಕಿತ್ತು. ಟೀವಿಯಲ್ಲಿ ದಿನವಿಡೀ ಅದೇ, ನಿಧಾನವಾಗಿ ಒಮ್ಮೆ, ಕೆಂಪು ವೃತ್ತ ಹಾಕಿ ಒಮ್ಮೆ. ಹೊನ್ನಾವರದವರು ಜೀವ ಉಳಿಸಿಕೊಳ್ಳಲು ಜಿಲ್ಲೆ ದಾಟಿ ಯಾಕೆ ಓಡಬೇಕು ಎಂದು ಕೇಳಿದವರು ಫೇಸ್‌ಬುಕ್ಕಿನಲ್ಲಿ ನಮ್ಮದೇ ಹುಡುಗರು. ಕರಾವಳಿಯವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಲಿಂಗೆ, ಘಟ್ಟದ ಮೇಲಿನ ನಾವು ಹುಬ್ಬಳ್ಳಿಗೆ. ಯಾವ ಮನೆಯಲ್ಲಿ ಕೇಳಿದರೂ ದಾರಿಯಲ್ಲಿ ಹೋದ ಒಂದು ಜೀವದ ಕಥೆ ಇದೆ. ನನ್ನ ಮಾವ ಹೋದದ್ದು ಮುಂಡಗೋಡ ದಾಟಿ ಸ್ವಲ್ಪ ದೂರದಲ್ಲಿ. ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆಯದೇ ಹಾಗೇ ನಿಂತಿದ್ದ.

ಇದನ್ನು ತೋರಿಸಲು ಕ್ಯಾಮೆರಾ ಸಾಕು. ಆಸ್ಪತ್ರೆ ಬಾಗಿಲಲ್ಲಿ ಒಂದು ರಾತ್ರಿ ನಿಂತರಾಯಿತು. ನಿಮ್ಮ ಮಗನಿಗೆ ಹೇಳಿ, ಮುಂದಿನ ಸಲ ರಜೆಗೆ ಬಂದಾಗ ಎರಡು ದಿನ ನನಗೆ ಕೊಡಲಿ. ನಮ್ಮ ಸ್ಟ್ರಿಂಗರ್ ಹುಡುಗನ ಬೈಕಿನ ಹಿಂದೆ ಕೂರಿಸಿ ಕಳಿಸುತ್ತೇನೆ. ಕಂಪನಿ ಹೋಟೆಲು ಸಿಗುವುದಿಲ್ಲ, ನಮ್ಮನೆ ಜಗಲಿ ಇದೆ.

ಇನ್ನು ಉಪ್ಪಿನಕಾಯಿ. ಕೈಚೀಲದಲ್ಲಿ ಖಂಡಿತ ಬೇಡ. ನನ್ನ ಆಯಿ ಕೊಟ್ಟ ಬಾಟಲಿಯನ್ನು ಒಂದು ನಿಲ್ದಾಣದಲ್ಲಿ ತಪಾಸಣೆಯವರು ಮುಚ್ಚಳ ತೆಗೆದು ಮೂಸಿ, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಕಸದ ಡಬ್ಬಿಗೆ ಹಾಕಿದರು. ಲಗೇಜಿನಲ್ಲಿ ಇಟ್ಟರೆ ಒಡೆದು ಅಂಗಿಯೆಲ್ಲ ಹಾಳು. ಕುಮಟಾದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಡಿ. ನಾನು ಕಾರವಾರದಲ್ಲಿ ಸ್ಟ್ರಿಂಗರ್ ಆಗಿದ್ದಾಗ ಸುದ್ದಿಯ ಕ್ಯಾಸೆಟ್ಟನ್ನು ಹಾಗೇ ಕಳಿಸುತ್ತಿದ್ದೆ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಆಫೀಸಿನ ಹುಡುಗ ಕಾದು ನಿಂತಿರುತ್ತಿದ್ದ. ಒಂದು ಕ್ಯಾಸೆಟ್ಟೂ ಕಳೆದಿಲ್ಲ. ಬಾಟಲಿ ಎರಡು ಕಳಿಸಿ, ಒಂದು ಕ್ಯಾಮೆರಾಮನ್‌ಗೆ.