'ಅತಿರೇಕ'ವೋ 'ಅತಿರೇಖ'ವೋ?

'ಅತಿರೇಕ'ವೇ ಸರಿ, ಮಹಾಪ್ರಾಣ ಬೇಡ. 'ರೇಖೆ' ಮನಸ್ಸಿನಲ್ಲಿದ್ದು ಗೆರೆ ದಾಟಿದ್ದೇ ಅತಿರೇಖ ಅಂದುಕೊಳ್ಳುವುದರಿಂದ ಈ ತಪ್ಪು ಬರುತ್ತದೆ. ಆದರೆ ಇಲ್ಲಿರುವುದು ಸಂಸ್ಕೃತದ 'ರಿಚ್' ಧಾತು. ಪಚ್ ಪಾಕವಾದಂತೆ ರಿಚ್ ರೇಕವಾಗುತ್ತದೆ. ಉದ್ರೇಕ, ವ್ಯತಿರೇಕ ಎರಡೂ ಇದೇ ಮನೆಯ ಮಕ್ಕಳು. ಅವನ್ನು ಯಾರೂ 'ಉದ್ರೇಖ' ಎಂದು ಬರೆಯುವುದಿಲ್ಲವಲ್ಲ!

ನಿಮ್ಮ ಎರಡನೇ ಪ್ರಶ್ನೆ, 'ಸಾರಿಗೆ ಉಪ್ಪು ಅತಿರೇಕವಾಯಿತು' ಎನ್ನಬಹುದೇ ಎಂಬುದು. ವ್ಯಾಕರಣ ತಡೆಯುವುದಿಲ್ಲ, ಕಿವಿ ಒಪ್ಪುವುದಿಲ್ಲ. ಉಪ್ಪು ಜಾಸ್ತಿಯಾಗುತ್ತದೆ, ಹೆಚ್ಚಾಗುತ್ತದೆ. ಅತಿರೇಕ ಒಪ್ಪುವುದು ಮನುಷ್ಯರ ನಡತೆ, ಮಾತು, ಭಾವನೆಗಳಿಗೆ: 'ಅಭಿಮಾನ ಅತಿರೇಕಕ್ಕೆ ಹೋಯಿತು', 'ಅತಿರೇಕದ ವರ್ತನೆ'. ಬೇಕಿಲ್ಲದಷ್ಟು ಮಾಡಿದರು ಎಂಬ ಆಕ್ಷೇಪ ಅದರಲ್ಲೇ ಇದೆ. ಹಾಗಾಗಿ 'ಅತಿಯಾದ ಅತಿರೇಕ' ಎಂದು ಬರೆಯುವುದೇ ಒಂದು ಅತಿರೇಕ. ಸಮಾಸದಲ್ಲಿ ಮಾತ್ರ ಆಕ್ಷೇಪ ಕರಗುವುದುಂಟು. 'ಹರ್ಷಾತಿರೇಕದಿಂದ ಕುಣಿದಳು' ಎಂದರೆ ಬೈಗುಳವಲ್ಲ.

ದುಡ್ಡು, ನೀರು, ಎಣ್ಣೆ ಪೋಲಾದರೆ 'ದುಂದು' ಬಳಸಿ. ಬೇಕಾಗಿಯೇ ಸೇರಿಸಿದ್ದು 'ಹೆಚ್ಚುವರಿ': ಹಬ್ಬಕ್ಕೆ ಬಿಟ್ಟ ಹೆಚ್ಚುವರಿ ಬಸ್ಸಿನ ಹಾಗೆ. ಹಿಂದಿಯಿಂದ ಅನುವಾದಿಸುವಾಗ ಇಲ್ಲಿ ಎಚ್ಚರ ಬೇಕು. ಅಲ್ಲಿನ 'ಅತಿರಿಕ್ತ' ನಮ್ಮ 'ಹೆಚ್ಚುವರಿ'ಗೆ ಸಮ. ಅದನ್ನು ನೋಡಿ ಅತಿರೇಕ ಎಂದು ಇಳಿಸಿದರೆ ಹೆಚ್ಚುವರಿ ಜಿಲ್ಲಾಧಿಕಾರಿಗಳು ಅತಿರೇಕದ ಜಿಲ್ಲಾಧಿಕಾರಿಗಳಾಗಿಬಿಡುತ್ತಾರೆ.