ರೋಸ್ಮೆರಿಗೆ ತುಳಸಿಯ ಉಪಚಾರ ಬೇಡ

ತಂಗಿ, ನೀನು ಆಗಸ್ಟಿನಲ್ಲಿ ಮೈಸೂರಿನಿಂದ ಶಿಕಾಗೊಗೆ ಬಂದೆ, ಪರಿಮಳದ ಸೊಪ್ಪಿನ ರೋಸ್ಮೆರಿ ಗಿಡವನ್ನು ಬಾಲ್ಕನಿಯಲ್ಲಿ ಒಂದು ಕುಂಡದಲ್ಲಿಟ್ಟೆ, ಈಗ ಅಕ್ಟೋಬರ್ ಬಂತು, "ಅಕ್ಕಾ, ಇದನ್ನು ಚಳಿಗಾಲದಲ್ಲಿ ಹೇಗೆ ಉಳಿಸಿಕೊಳ್ಳಲಿ?" ಎಂದು ಕೇಳಿದ್ದೀಯ. ಮೊದಲ ಮೂರು ವರ್ಷ ಮೂರು ಗಿಡಗಳನ್ನು ಕೊಂದವಳು ನಾನು. ಉತ್ತರ ಹೇಳಲು ಇಷ್ಟು ಅರ್ಹತೆ ಸಾಕು.

ಮೊದಲನೆಯದು ಹೊರಗೇ ಸತ್ತಿತು. ಮೆಡಿಟರೇನಿಯನ್ ತೀರದ ಗಿಡ ಅದು. ಸಾಮಾನ್ಯ ತಳಿಗಳು ಮೈನಸ್ ಏಳೆಂಟು ಡಿಗ್ರಿಯವರೆಗೆ ಹೇಗೋ ತಡೆಯುತ್ತವೆ. ಇಲ್ಲಿ 2019ರ ಜನವರಿ 30ರಂದು ಮೈನಸ್ 30 ಡಿಗ್ರಿಗೆ ಇಳಿದಿತ್ತು. 'ಆರ್ಪ್' ಎಂಬ ತಳಿ ಚಳಿಗೆ ಗಟ್ಟಿ ಎನ್ನುತ್ತಾರೆ, ನಿಜವೇ. ಆದರೆ ಕುಂಡದಲ್ಲಿ ಬೇರಿಗೆ ನೆಲದ ಆಸರೆ ಇರುವುದಿಲ್ಲ, ಬಾಲ್ಕನಿಯಲ್ಲಿ ಅದನ್ನೂ ನಂಬಬೇಡ.

ಎರಡನೆಯದನ್ನು ಒಳಗೆ ತಂದೆ. ಪಾಪ ಚಳಿಯಾಗುತ್ತದೆಂದು ಹೀಟರಿನ ಬಿಸಿ ಗಾಳಿ ಬರುವ ಕಿಂಡಿಯ ಪಕ್ಕದಲ್ಲೇ ಇಟ್ಟೆ. ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ನೀರು ಹಾಕಿ ಅಭ್ಯಾಸವಾದ ಕೈ, ಇದಕ್ಕೂ ದಿನಕ್ಕೊಂದು ಲೋಟ ಹಾಕಿತು. ಕ್ರಿಸ್‌ಮಸ್ ಹೊತ್ತಿಗೆ ಬೇರು ಕೊಳೆತು ಹೋಯಿತು. ಮೂರನೆಯದಕ್ಕೆ ಹೆದರಿ ನೀರನ್ನೇ ಹಾಕಲಿಲ್ಲ. ರೋಸ್ಮೆರಿಯ ಮೋಸ ಇರುವುದು ಇಲ್ಲಿಯೇ: ಬಾಯಾರಿದರೂ ಸೊಪ್ಪು ಜೋತು ಬೀಳುವುದಿಲ್ಲ. ಸತ್ತು ವಾರವಾದರೂ ಹಸಿರಾಗಿಯೇ ನಿಂತಿರುತ್ತದೆ. ಮುಟ್ಟಿದರೆ ಪುಡಿಪುಡಿ.

ಆದ್ದರಿಂದ ಹಿಮ ಬೀಳುವವರೆಗೆ ಕಾಯದೆ ಈ ವಾರವೇ ಒಳಗೆ ತಾ. ದಕ್ಷಿಣದ ಕಿಟಕಿ ಇದ್ದರೆ ಅಲ್ಲಿಡು, ಹೀಟರಿನಿಂದ ಆದಷ್ಟು ದೂರ. ಕರಿಬೇವಿಗೆ ಬೆಚ್ಚಗಿನ ಮೂಲೆ ಬೇಕು. ಇದಕ್ಕೆ ಬೇಕಾಗಿರುವುದು ತಂಪು ಮತ್ತು ಬೆಳಕು. 5ರಿಂದ 15 ಡಿಗ್ರಿ ಇರುವ ಕೋಣೆ ಸಿಕ್ಕರೆ ಅದರಷ್ಟು ಸುಖಿ ಇನ್ನೊಬ್ಬರಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಒಂಬತ್ತೇ ಗಂಟೆ, ಹಾಗಾಗಿ ಕಿಟಕಿ ಉತ್ತರಕ್ಕಿದ್ದರೆ ಗಿಡಕ್ಕೆಂದೇ ಮಾರುವ ಎಲ್‌ಇಡಿ ದೀಪವೊಂದನ್ನು ದಿನಕ್ಕೆ ಹನ್ನೆರಡು ಗಂಟೆ ಉರಿಸು.

ನೀರಿನ ಲೆಕ್ಕವನ್ನು ಕ್ಯಾಲೆಂಡರ್ ನೋಡಿ ಇಡಬೇಡ. ಕುಂಡವನ್ನು ಎತ್ತಿ ನೋಡು. ಹಗುರವಾಗಿದ್ದು, ಒಂದಂಗುಲ ಬೆರಳಿಳಿಸಿದರೂ ಮಣ್ಣು ಒಣಗಿದ್ದರೆ, ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡು. ಮಣ್ಣಿನ ಕುಂಡವಾದರೆ ಒಳ್ಳೆಯದು. ಎಲೆಯ ಮೇಲೆ ಬಿಳಿ ಹುಡಿ ಕಂಡರೆ ಅದು ಬೂದಿ ರೋಗ; ಗಾಳಿಯಾಡುತ್ತಿಲ್ಲ ಎಂದರ್ಥ, ಸಣ್ಣ ಫ್ಯಾನ್ ಹಾಕು. ಗೊಬ್ಬರ ವಸಂತದವರೆಗೆ ಬೇಡ. ಡಿಸೆಂಬರಿನಲ್ಲಿ ಅಂಗಡಿಗಳಲ್ಲಿ ಕ್ರಿಸ್‌ಮಸ್ ಮರದಂತೆ ಕತ್ತರಿಸಿದ ರೋಸ್ಮೆರಿ ಬರುತ್ತದೆ. ಚೆಂದಕ್ಕೆ ಮರುಳಾಗಿ ಕೊಂಡರೆ, ಕುಂಡಕ್ಕೆ ಸುತ್ತಿದ ಹೊಳಪಿನ ಕಾಗದವನ್ನು ಮೊದಲು ಬಿಚ್ಚು. ನೀರು ಅದರೊಳಗೇ ನಿಂತು ಗಿಡ ಸಾಯುತ್ತದೆ.

ಈಗಲೇ ನಾಲ್ಕಂಗುಲದ ಎರಡು ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒದ್ದೆ ಪರ್ಲೈಟಿನಲ್ಲಿ (ಗಿಡ ನೆಡಲು ಬಳಸುವ ಹಗುರವಾದ ಬಿಳಿ ಹರಳು) ನೆಡು. ತಾಯಿ ಹೋದರೂ ಮರಿ ಉಳಿದೀತು.

ಸೊಪ್ಪು ಕುದಿಸಿದ ನೀರನ್ನು ಕೂದಲಿಗೆ ಹಚ್ಚಲು ಬೆಳೆಸುತ್ತೀಯೋ, ಅಡುಗೆಗೋ, ನೀನು ಹೇಳಲಿಲ್ಲ. ಅಡುಗೆಗಾದರೆ ಬೆಳ್ಳುಳ್ಳಿಯ ಜೊತೆ ಆಲೂಗಡ್ಡೆ ಹುರಿಯುವಾಗ ಹಾಕು. ಸಾರಿನ ಒಗ್ಗರಣೆಗೆ ಮಾತ್ರ ಬೇಡ. ನಾನು ಹಾಕಿದ ದಿನ ನಮ್ಮ ಮನೆಯವರು ಒಂದು ತುತ್ತು ಉಂಡು, "ದೇವರ ಮನೆಯ ಕರ್ಪೂರ ಇದರೊಳಗೆ ಬಿತ್ತೇನು?" ಎಂದು ಕೇಳಿದರು.