ಬೆಂಕಿ, ಸೆಕೆ ಬಗ್ಗೆ ಇರೋ ರಾಕ್-ಪಾಪ್ ಹಾಡುಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ಯಾಕೆ?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇಂಗ್ಲಿಷ್ ಪಾಪ್ ಹಾಡಲ್ಲಿ ಬೆಂಕಿ ಬಂತು ಅಂದ್ರೆ ಬಹುಪಾಲು ಅದು ಲವ್ವೇ. ಹುಡುಗಿ ನೋಡಿದ, ಮೈ ಬಿಸಿ ಆಯ್ತು, ಎದೆ ಹೊತ್ಕೊಂಡು ಉರೀತು, ಮೂರು ನಿಮಿಷಕ್ಕೆ ಹಾಡು ಮುಗೀತು. ಅಂಥ ಹಾಡುಗಳ ಮೇಲೆ ನಂಗೇನೂ ಸಿಟ್ಟಿಲ್ಲ, ಬಸ್ಸಲ್ಲಿ ಕೂತು ಕೇಳಕ್ಕೆ ಚೆನ್ನಾಗೇ ಇರ್ತವೆ, ಆದ್ರೆ ತಲೇಲಿ ನಿಲ್ಲಲ್ಲ. ನಂಗೆ ನಿಲ್ಲೋದು ಎಂತದು ಅಂದ್ರೆ, ಹಾಡಿನ ಹಿಂದೆ ಎಲ್ಲೋ ನಿಜವಾಗ್ಲೂ ಏನೋ ಸುಟ್ಟಿರ್ಬೇಕು, ಇಲ್ಲಾ ಯಾರಿಗೋ ನಿಜವಾಗ್ಲೂ ಚಳಿ ಹಿಡಿದಿರ್ಬೇಕು, ಇಲ್ಲಾ ಬರೆದವನು ಬಿಸಿಲಲ್ಲಿ ಬೆವರು ಸುರಿಸಿ ಬಂದಿರ್ಬೇಕು. ನೀವು "ಇಷ್ಟ" ಅಂತ ಕೇಳಿದ್ರಿ, "ಶ್ರೇಷ್ಠ" ಅಂತ ಕೇಳಿಲ್ಲ, ಹಾಗಾಗಿ ಧೈರ್ಯವಾಗಿ ನನ್ನ ಲೆಕ್ಕದಲ್ಲೇ ಹೇಳ್ತೀನಿ.

ನಂಬರ್ ಒನ್, ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ "ಫೈರ್". 1967ರಲ್ಲಿ ಬಂದ ಅವನ ಮೊದಲನೇ ಆಲ್ಬಮ್‌ನಲ್ಲಿದೆ. ಕೇಳಿದ್ರೆ ಪಕ್ಕಾ ಪೋಲಿ ಹಾಡು ಅನ್ಸುತ್ತೆ, ಹಾಡೋ ಧಾಟೀನೂ ಹಂಗೇ ಇದೆ. ಆದ್ರೆ ಅದರ ಹಿಂದಿನ ಕಥೆ ಕೇಳಿ. ಅವನ ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸ್ತಿದ್ದ ನೋಯೆಲ್ ರೆಡಿಂಗ್‌ನ ಅಮ್ಮನ ಮನೆ ಇಂಗ್ಲೆಂಡಿನ ಫೋಕ್‌ಸ್ಟನ್ ಅನ್ನೋ ಸಮುದ್ರದಂಡೆ ಊರಲ್ಲಿತ್ತು, ಹೊಸ ವರ್ಷದ ಹಿಂದಿನ ರಾತ್ರಿ ಅಲ್ಲಿಗೆ ಹೋಗಿದ್ದಾರೆ, ಚಳಿ ಅಂದ್ರೆ ಚಳಿ, ಹೆಂಡ್ರಿಕ್ಸ್ ಆ ಅಮ್ಮನ ಹತ್ರ ನಿಮ್ಮನೆ ಬೆಂಕಿ ಪಕ್ಕ ಸ್ವಲ್ಪ ನಿಂತ್ಕೊಳ್ಲಾ ಅಂತ ಕೇಳಿದ್ದಾನೆ, ನೋಡಿದ್ರೆ ಅಲ್ಲಿ ಅವರ ನಾಯಿ ಆಗಲೇ ಆರಾಮಾಗಿ ಕಾಲು ಚಾಚಿ ಮಲಗಿದೆ. ಇಷ್ಟೇ. ಹಾಡಲ್ಲಿ ಒಂದು ಕಡೆ ನಾಯಿಗೆ ಸರಿ ಆಕಡೆ ಅಂತ ಹೇಳ್ತಾನೆ ನೋಡಿ, ಅದು ಇದೇ ನಾಯಿ.

ಈ ಕಥೆ ಓದಿದ ಮೇಲೆ ನಂಗೆ ಆ ಹಾಡು ಹೆಂಡ್ರಿಕ್ಸ್ ಹುಟ್ಟಿದ ಸೀಯಾಟಲ್‌ದೂ ಅಲ್ಲ ಲಂಡನ್‌ದೂ ಅಲ್ಲ, ನಮ್ಮೂರಿಂದು ಆಗೋಯ್ತು. ನಮ್ಮದು ತೀರ್ಥಹಳ್ಳಿ ಹತ್ರ ಹಳ್ಳಿ. ಆಷಾಢದ ಮಳೇಲಿ ನೆಟ್ಟಿ ಮುಗಿಸಿ ಬಂದವರು ಕಂಬಳಿ ಕೊಪ್ಪೆ ಬಿಚ್ಚಿ ಗಳಕ್ಕೆ ಹಾಕಿ ಸೀದಾ ಹೋಗೋದು ಬಚ್ಚಲಿಗೆ. ಹಂಡೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ರೆ, ಒಳಗಡೆ ಸೌದೆ ಸರಿಯಾಗಿ ಒಣಗಿರಲ್ಲ, ತುದೀಲಿ ಚುಸ್ ಅಂತ ನೊರೆ ಬಿಡ್ತಾ ಇರುತ್ತೆ, ಹೊಗೆಗೆ ಕಣ್ಣಲ್ಲಿ ನೀರು ಇಳೀತಾ ಇರುತ್ತೆ, ಆದ್ರೂ ಒಬ್ಬರೂ ಜಾಗ ಬಿಡಲ್ಲ. ಅದ್ರಲ್ಲೂ ಬಿಸಿ ಬೂದಿ ಪಕ್ಕದ ಒಳ್ಳೇ ಜಾಗ ಇರುತ್ತಲ್ಲ, ಅದನ್ನ ನಾಯಿನೋ ಬೆಕ್ಕೋ ಬೆಳಿಗ್ಗೆನೇ ಹಿಡ್ಕೊಂಡಿರುತ್ತೆ. ಏಳು ಅಂದ್ರೆ ಒಂದು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಕೊಳ್ಳುತ್ತೆ. ಮಲೆನಾಡಿನವರಿಗೆ ಬೆಂಕಿ ಅಂದ್ರೆ ಹೆದರಿಕೆಗಿಂತ ಆಸೆನೇ ಜಾಸ್ತಿ, ಅದಕ್ಕೇ ಇರ್ಬೇಕು ಈ ಹಾಡು ನಂಗೆ ಇಷ್ಟು ಹತ್ರ. ಗಿಟಾರ್‌ಗಿಂತ ಡ್ರಮ್ಸ್ ಕೇಳಿ ಇದ್ರಲ್ಲಿ, ಮಿಚ್ ಮಿಚೆಲ್ ಒಂದು ಕ್ಷಣ ಸುಮ್ನಿರಲ್ಲ, ಹಾಡು ಮೂರು ನಿಮಿಷನೂ ಇಲ್ಲ, ಅಷ್ಟರಲ್ಲಿ ಅವನು ಆರು ನಿಮಿಷದ ಕೆಲಸ ಮಾಡಿಬಿಡ್ತಾನೆ. ಅಂದಹಾಗೆ ಅದೇ 1967ರ ಜೂನ್‌ನಲ್ಲಿ ಮಾಂಟೆರೆ ಫೆಸ್ಟಿವಲ್ ಸ್ಟೇಜ್ ಮೇಲೆ ಗಿಟಾರ್‌ಗೆ ಲೈಟರ್ ಫ್ಲೂಯಿಡ್ ಸುರಿದು ಬೆಂಕಿ ಹಚ್ಚಿದ ಫೋಟೋ ಎಲ್ಲರೂ ನೋಡಿರ್ತೀರಿ, ಆಗ ಅವನು ನುಡಿಸ್ತಿದ್ದದ್ದು ಈ ಹಾಡಲ್ಲ, "ವೈಲ್ಡ್ ಥಿಂಗ್".

ಎರಡನೇದು ಎಲ್ಲರ ಪಟ್ಟೀಲೂ ಇರೋದು, ಡೀಪ್ ಪರ್ಪಲ್ ಅನ್ನೋ ಇಂಗ್ಲೆಂಡ್ ಬ್ಯಾಂಡಿನ "ಸ್ಮೋಕ್ ಆನ್ ದಿ ವಾಟರ್". ಇದು ತೀರಾ ಸವೆದು ಹೋಗಿದೆ ಅಂತ ಮೂಗು ಮುರಿಯೋರಿದ್ದಾರೆ, ಮುರೀಲಿ ಬಿಡಿ. ಶಿವಮೊಗ್ಗದಲ್ಲಿ ಗಿಟಾರ್ ಕಲಿಯಕ್ಕೆ ಹೋದ ಹುಡುಗ್ರು ಮೊದಲನೇ ವಾರನೇ ಒಂದೇ ತಂತೀಲಿ ಡಂ ಡಂ ಡಂ ಅಂತ ಇದನ್ನೇ ಕುಟ್ಟೋದು, ಕಾಲೇಜ್ ಫೆಸ್ಟ್‌ಗಳಲ್ಲಿ ಸೌಂಡ್ ಚೆಕ್ ಅಂದ್ರೂ ಇದೇ. ಆದ್ರೆ ಎಷ್ಟೋ ಜನಕ್ಕೆ ಇದು ಸುದ್ದಿ ವರದಿ ಅಂತ ಗೊತ್ತಿಲ್ಲ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರು, ಅಲ್ಲಿನ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾನ ಬ್ಯಾಂಡಿನ ಕಾರ್ಯಕ್ರಮ, ನೋಡಕ್ಕೆ ಬಂದಿದ್ದ ಯಾವನೋ ಒಬ್ಬ ಫ್ಲೇರ್ ಗನ್ (ಉರಿಯೋ ಬೆಂಕಿ ಉಂಡೆ ಹಾರಿಸೋ ಪಿಸ್ತೂಲು) ತೆಗೆದು ಚಾವಣಿಗೆ ಹಾರಿಸಿದ. ಇಡೀ ಕಟ್ಟಡ ಸುಟ್ಟೋಯ್ತು. ಡೀಪ್ ಪರ್ಪಲ್‌ನವರು ಅದೇ ಕ್ಯಾಸಿನೋದಲ್ಲಿ ಆಲ್ಬಮ್ ರೆಕಾರ್ಡ್ ಮಾಡಕ್ಕೆ ಅಂತ ಬಂದು ಇಳ್ಕೊಂಡಿದ್ರು, ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಲಾರಿ ಬಾಡಿಗೆಗೆ ತಂದಿದ್ರು, ಈಗ ಜಾಗನೇ ಇಲ್ಲ. ಜಿನೀವಾ ಸರೋವರದ ಮೇಲೆ ಹೊಗೆ ಹಾಸ್ಕೊಂಡು ಹೋಗ್ತಾ ಇದ್ದದ್ದನ್ನ ಹೋಟೆಲ್ಲಿಂದ ನೋಡಿದ್ರು. ಅದಾಗಿ ಕೆಲವು ದಿನಕ್ಕೆ ಬೇಸ್ ನುಡಿಸೋ ರೋಜರ್ ಗ್ಲೋವರ್ ನಿದ್ದೆಯಿಂದ ಏಳ್ತಾ ಇದ್ದಂಗೇ ಬಾಯಲ್ಲಿ ಬಂದ ಮಾತು ಹಾಡಿನ ಹೆಸರಾಯ್ತು.

ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದು ಆಮೇಲಿನ ಪರದಾಟ. ಬೇರೆ ಒಂದು ಥಿಯೇಟರ್ ಹಿಡಿದು ರಾತ್ರಿ ನುಡಿಸಕ್ಕೆ ಶುರು ಮಾಡಿದ್ರೆ ಅಕ್ಕಪಕ್ಕದವರು ಗಲಾಟೆ ಅಂತ ಪೊಲೀಸ್ ಕರೆಸಿದ್ರು, ಹೊರಗೆ ಪೊಲೀಸರು ಬಾಗಿಲು ಬಡೀತಿದ್ದಾರೆ, ಒಳಗೆ ಇವರ ಹುಡುಗ್ರು ಬಾಗಿಲು ಒತ್ತಿ ಹಿಡ್ಕೊಂಡಿದ್ದಾರೆ, ಆ ಗ್ಯಾಪಲ್ಲಿ ರೆಕಾರ್ಡ್ ಆಗಿದ್ದೇ ಈ ಹಾಡಿನ ಸಂಗೀತ. ಉಳಿದ ಆಲ್ಬಮ್ಮನ್ನ ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಖಾಲಿ ಗ್ರಾಂಡ್ ಹೋಟೆಲ್ಲಿನ ಕಾರಿಡಾರಲ್ಲಿ ಹಾಸಿಗೆಗಳನ್ನ ಗೋಡೆಗೆ ಒರಗಿಸಿ ಮುಗಿಸಿದ್ರು. ಸಾಹಿತ್ಯದಲ್ಲಿ ಒಂದು ಉಪಮೆ ಇಲ್ಲ, ಯಾರು ಬಂದ್ರು, ಎಂತ ಸುಟ್ಟೋಯ್ತು, ಆಮೇಲೆ ಎಲ್ಲಿ ಜಾಗ ಸಿಕ್ತು, ಅಷ್ಟನ್ನೇ ಹೇಳ್ತಾ ಹೋಗ್ತಾರೆ, ಒಳಗಿದ್ದ ಹುಡುಗ್ರನ್ನ ಹೊರಗೆ ಎಳೆದು ಹಾಕಿದ ಕ್ಲಾಡ್ ನೋಬ್ಸ್ ಹೆಸರೂ ಬರುತ್ತೆ. ಇನ್ನು ಆ ರಿಫ್, ಅಂದ್ರೆ ಶುರುವಲ್ಲಿ ಬರೋ ಗಿಟಾರ್ ತುಣುಕು, ನುಡಿಸೋ ಹುಡುಗ್ರಿಗೆ ಒಂದು ಮಾತು, ಬ್ಯಾಂಡಿನ ಗಿಟಾರ್‌ನವನು ರಿಚಿ ಬ್ಲ್ಯಾಕ್‌ಮೋರ್ ಅದನ್ನ ಒಂದು ತಂತೀಲಿ ಅಲ್ಲ, ಎರಡೆರಡು ಸ್ವರ ಒಟ್ಟಿಗೆ, ತಂತಿ ಮೀಟೋ ಪ್ಲೆಕ್ಟ್ರಮ್ ಬಿಟ್ಟು ಬೆರಳಲ್ಲೇ ಕಿತ್ತು ನುಡಿಸೋದು. ಹಂಗೆ ನುಡಿಸಿ ನೋಡಿ, ಬೇರೆ ಹಾಡೇ ಕೇಳ್ಸುತ್ತೆ.

ಮೂರನೇದು ನಗು ಬರಿಸುತ್ತೆ, ಆರ್ಥರ್ ಬ್ರೌನ್‌ನ "ಫೈರ್", 1968, ಇಂಗ್ಲೆಂಡಲ್ಲಿ ನಂಬರ್ ಒನ್ ಆಗಿದ್ದು. ಮುಖಕ್ಕೆ ಕಪ್ಪು ಬಿಳಿ ಬಣ್ಣ ಬಳ್ಕೊಂಡು, ತಲೆ ಮೇಲೆ ಉರಿಯೋ ಕಿರೀಟ ಇಟ್ಕೊಂಡು, ನಾನೇ ನರಕದ ಬೆಂಕಿಯ ದೇವರು ಅಂತ ಕಿರುಚಿ ಶುರು ಮಾಡ್ತಾನೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ ಮಾರಾಯ್ರೆ, ಬಣ್ಣದ ವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚ್ತಾರಲ್ಲ, ಭುಗ್ ಅಂತ ಮೇಲೆದ್ದು ಮುಂದಿನ ಸಾಲಲ್ಲಿ ಕೂತ ಮಕ್ಕಳು ಅಳಕ್ಕೆ ಶುರು ಮಾಡ್ತಾರಲ್ಲ, ಅದೇ ಲೆಕ್ಕಾಚಾರ. ಒಂದ್ಸಲ ಅವನ ತಲೆಗೇ ಹತ್ಕೊಂಡು ಪಕ್ಕದಲ್ಲಿದ್ದವರು ಬಿಯರ್ ಸುರಿದು ಆರಿಸಿದ್ರಂತೆ. ತಮಾಷೆ ಏನಂದ್ರೆ ಇಷ್ಟು ಗಲಾಟೆ ಇರೋ ರಾಕ್ ಹಾಡಲ್ಲಿ ಗಿಟಾರೇ ಇಲ್ಲ, ಎಲ್ಲಾ ವಿನ್ಸೆಂಟ್ ಕ್ರೇನ್‌ನ ಆರ್ಗನ್ ಅನ್ನೋ ಕೀಬೋರ್ಡ್ ವಾದ್ಯ.

ಇನ್ನು ಸೆಕೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಶಿವಮೊಗ್ಗನ ಮಲೆನಾಡು ಅಂತ ಮನಸ್ಸಿಂದ ಒಪ್ಪಲ್ಲ, ಒಪ್ಪದೇ ಇರೋಕೆ ಏಪ್ರಿಲ್ ತಿಂಗಳೊಂದೇ ಸಾಕು. ಮಧ್ಯಾಹ್ನ ದುರ್ಗಿಗುಡಿ ಕಡೆ ಹೋಗಿ, ಟಾರು ರೋಡಿಂದ ಮುಖಕ್ಕೆ ರಾಚೋ ಧಗೆಗೆ ಎಳನೀರಿನವನೂ ಗಾಡಿ ನೆರಳಿಗೆ ಎಳ್ಕೊಂಡಿರ್ತಾನೆ, ಅದರ ಜೊತೆಗೆ ಎಲ್ಲಾದ್ರೂ ಒಂದು ಕಡೆ ರಸ್ತೆ ಅಗೀತಾನೇ ಇರ್ತಾರೆ. ಆ ಡ್ರಿಲ್ ಸೌಂಡ್ ಕೇಳಿದಾಗೆಲ್ಲ ನಂಗೆ ನೆನಪಾಗೋದು ಲವಿನ್ ಸ್ಪೂನ್‌ಫುಲ್‌ನ "ಸಮ್ಮರ್ ಇನ್ ದಿ ಸಿಟಿ". 1966ರ ಹಾಡು, ಅದರ ಮಧ್ಯೆ ನಿಜವಾದ ಕಾರ್ ಹಾರ್ನ್, ನಿಜವಾದ ರೋಡ್ ಡ್ರಿಲ್ ಸೇರಿಸಿದ್ದಾರೆ. ಹಗಲಿನ ಭಾಗದಲ್ಲಿ ರಾಗ ಕತ್ತು ಹಿಡಿದು ಅದುಮಿದಂಗೆ ಇರುತ್ತೆ, ರಾತ್ರಿ ವಿಷ್ಯ ಬಂತು ಅಂದ್ರೆ ಸಡನ್ನಾಗಿ ಬಿಚ್ಕೊಳ್ಳುತ್ತೆ, ಸಂಜೆ ಮೇಲೆ ತುಂಗಾ ಕಡೆಯಿಂದ ಗಾಳಿ ಬೀಸಿದಾಗ ಜನ ಹೊರಗೆ ಬರ್ತಾರಲ್ಲ ಆ ಥರ. ಸೆಕೆ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹಾಡಿಲ್ಲ ಅಂತ ನನ್ನ ಅಭಿಪ್ರಾಯ, ಯಾರಾದ್ರೂ "ಹೀಟ್ ವೇವ್" ಅಂತ ಜಗಳಕ್ಕೆ ಬರ್ತೀರಿ ಅಂತ ಗೊತ್ತು. ಮಾರ್ಥಾ ಅಂಡ್ ದಿ ವಂಡೆಲಾಸ್, 1963, ಒಳ್ಳೇ ಹಾಡು, ಕುಣಿಸುತ್ತೆ, ಆದ್ರೆ ಅದು ಮತ್ತೆ ಲವ್ ಸೆಕೆ.

ಈಗ ನಂಗೆ ನಿಜವಾಗ್ಲೂ ಹೊಟ್ಟೆಗೆ ತಾಗೋದು. ಮಿಡ್‌ನೈಟ್ ಆಯಿಲ್ ಅನ್ನೋ ಆಸ್ಟ್ರೇಲಿಯಾ ಬ್ಯಾಂಡಿನ "ಬೆಡ್ಸ್ ಆರ್ ಬರ್ನಿಂಗ್", 1987. ಇದರ ಹಿಂದಿನ ವರ್ಷ ಅವರು ಪಪುನ್ಯಾ ಅನ್ನೋ ಮೂಲನಿವಾಸಿಗಳ ಊರಿಂದ ಬಂದ ವಾರಂಪಿ ಬ್ಯಾಂಡ್ ಜೊತೆ ಮರುಭೂಮಿ ಊರೂರು ಸುತ್ತಿದ್ರು, ಆ ಧೂಳು, ಆ 45 ಡಿಗ್ರಿ ಬಿಸಿಲು ಹಾಡಲ್ಲೇ ಇದೆ. ವಿಷ್ಯ ಪಿಂಟುಪಿ ಅನ್ನೋ ಮೂಲನಿವಾಸಿ ಜನರದ್ದು. ಅವರನ್ನ ಅವರ ನೆಲದಿಂದ ಎಬ್ಬಿಸಿ ಬೇರೆ ಎಲ್ಲೋ ಕೂರಿಸಿದ್ರು, 80ರ ದಶಕದ ಶುರುವಲ್ಲಿ ಹಲವರು ತಾವಾಗೇ ವಾಪಸ್ ಹೋದ್ರು, ಅವರ ನೆಲ ಅವರಿಗೆ ಕೊಡಿ ಅಂತ ಹಾಡು ಹೇಳುತ್ತೆ. ಹಾಸಿಗೆಗೆ ಬೆಂಕಿ ಬಿದ್ದಿದೆ, ನಿದ್ದೆ ಹೆಂಗ್ರೀ ಬರುತ್ತೆ ಅನ್ನೋದು ಉಳಿದ ಆಸ್ಟ್ರೇಲಿಯಾದವರಿಗೆ ಕೇಳೋ ಪ್ರಶ್ನೆ.

ನಮ್ಮ ಅಜ್ಜಿ ಕಡೆಯವರು ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತು, ಮನೆ, ತೋಟ, ಗದ್ದೆ ಎಲ್ಲಾ ಹಿನ್ನೀರಿಗೆ ಹೋಯ್ತು, ಜನರನ್ನ ತಂದು ಕಾಡಲ್ಲಿ ಬಿಟ್ರು, ಅವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅರ್ಜಿ ಹಿಡ್ಕೊಂಡು ಓಡಾಡ್ತಿದ್ದಾವೆ. ಅಜ್ಜಿ ಬೇಸಿಗೇಲಿ ನೀರು ಇಳಿದಾಗ ಹಳೇ ಮನೆ ಅಡಿಪಾಯ ಕಾಣುತ್ತೆ ಅಂತ ಯಾರಾದ್ರೂ ಹೇಳಿದ್ರೆ ಮಾತು ಬದಲಾಯಿಸ್ತಿದ್ರು. ನಾಡಿಗೆಲ್ಲ ಕರೆಂಟು ಹೋಯ್ತು, ಎದ್ದು ಬಂದವರ ಮನೇಲಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿನೇ. ಹಾಗಾಗಿ ಆ ಹಾಡಲ್ಲಿ ಮೂರು ಏಟು ಹೊಡೆದು ಶುರು ಆಗೋ ಹಿತ್ತಾಳೆ ವಾದ್ಯದ ಸದ್ದು ಕೇಳಿದ್ರೆ ನಂಗೆ ಆಸ್ಟ್ರೇಲಿಯಾ ನೆನಪಾಗಲ್ಲ. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಈ ಬ್ಯಾಂಡಿನವರು ಕಪ್ಪು ಬಟ್ಟೆ ಮೇಲೆ "ಸಾರಿ" ಅಂತ ಬರೆಸ್ಕೊಂಡು ಬಂದು ಇದನ್ನೇ ಹಾಡಿದ್ರು, ಯಾಕಂದ್ರೆ ಆಗಿನ ಸರ್ಕಾರ ಮೂಲನಿವಾಸಿಗಳ ಕ್ಷಮೆ ಕೇಳಲ್ಲ ಅಂತ ಕೂತಿತ್ತು. ಕ್ಷಮೆ ಬಂದದ್ದು 2008ರಲ್ಲಿ, ಆ ಹೊತ್ತಿಗೆ ಹಾಡುಗಾರ ಪೀಟರ್ ಗ್ಯಾರೆಟ್ ಹೊಸ ಸರ್ಕಾರದಲ್ಲಿ ಪರಿಸರ ಮಂತ್ರಿ. ಯೂಟ್ಯೂಬಲ್ಲಿ ಆ ಒಲಿಂಪಿಕ್ಸ್ ವಿಡಿಯೋ ನೋಡಿ, ಆ ಉದ್ದನೆ ಬೋಳುತಲೆ ಮನುಷ್ಯ ಕೈಕಾಲು ಎಸೆಯೋ ರೀತಿನೇ ಬೇರೆ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಜಾನಿ ಕ್ಯಾಶ್‌ನ "ರಿಂಗ್ ಆಫ್ ಫೈರ್", 1963, ಇದೂ ಲವ್ವೇ, ಆದ್ರೆ ಬರೆದವರಲ್ಲಿ ಒಬ್ಬಳು ಜೂನ್ ಕಾರ್ಟರ್, ಅವಳಿಗೂ ಕ್ಯಾಶ್‌ಗೂ ಆಗ ಬೇರೆ ಬೇರೆ ಸಂಸಾರ, ಅವಳು ಅವನ ಮೇಲಿನ ಪ್ರೀತಿಗೇ ಹೆದರಿ ಬರೆದ ಹಾಡನ್ನ ಅವನೇ ಮೆಕ್ಸಿಕನ್ ತುತ್ತೂರಿ ಹಾಕ್ಕೊಂಡು ಖುಷಿಯಾಗಿ ಹಾಡಿದ, ಅದಕ್ಕೆ ನನ್ನ ರೂಲಿಂದ ವಿನಾಯಿತಿ. ಬ್ಯಾಂಗಲ್ಸ್‌ನ "ಎಟರ್ನಲ್ ಫ್ಲೇಮ್" ಹುಟ್ಟಿದ್ದು ಎಲ್ವಿಸ್ ಸಮಾಧಿ ಹತ್ರ ಇರೋ ಆರದ ದೀಪದಿಂದ, ಇವರು ನೋಡಕ್ಕೆ ಹೋದ ದಿನ ಮಳೆಗೆ ಅದು ಆರಿ ಕೂತಿತ್ತಂತೆ, ನಮ್ಮ ಕಡೆಯವರಿಗೆ ಇದೇನು ಆಶ್ಚರ್ಯ ಅಲ್ಲ. ಬಿಲ್ಲಿ ಜೋಯೆಲ್‌ನ "ವಿ ಡಿಡಂಟ್ ಸ್ಟಾರ್ಟ್ ದಿ ಫೈರ್" ಕ್ವಿಜ್‌ನವರಿಗೆ ಬಿಟ್ಟಿದ್ದೀನಿ, 1949ರಿಂದ 89ರ ತನಕದ ಹೆಡ್‌ಲೈನ್ ಪಟ್ಟಿ ಅದು, ಬಿಸಿ ಎಲ್ಲಿದೆ ಅದ್ರಲ್ಲಿ. ಅಡೆಲ್‌ನ "ಸೆಟ್ ಫೈರ್ ಟು ದಿ ರೈನ್" ಅಂತ ಕಾಮೆಂಟ್ ಬಂದೇ ಬರುತ್ತೆ, ಗಂಟಲು ಅದ್ಭುತ ಒಪ್ತೀನಿ, ಆದ್ರೆ ಮಳೆಗೆ ಬೆಂಕಿ ಹಚ್ಚೋ ಮಾತಾಡೋರು ಜುಲೈನಲ್ಲಿ ಒಂದ್ಸಲ ಆಗುಂಬೆಗೆ ಬರ್ಬೇಕು, ಬೆಂಕಿಪೊಟ್ಟಣದ ಕಡ್ಡಿ ಗೀರಿದ್ರೆ ಮದ್ದೇ ಕಿತ್ಕೊಂಡು ಬರುತ್ತೆ.

ಡೋರ್ಸ್‌ನ "ಲೈಟ್ ಮೈ ಫೈರ್" ಯಾಕೆ ಬಿಟ್ರಿ ಅಂತ ಕೇಳ್ಬೇಡಿ, ಬಿಟ್ಟಿಲ್ಲ. ಅದನ್ನ ಬಹುಪಾಲು ಬರೆದವನು ಹಾಡುಗಾರ ಜಿಮ್ ಮಾರಿಸನ್ ಅಲ್ಲ, ಗಿಟಾರ್‌ನ ರಾಬಿ ಕ್ರೀಗರ್, ಮಣ್ಣು, ಗಾಳಿ, ನೀರು, ಬೆಂಕಿ ಇವುಗಳಲ್ಲಿ ಯಾವುದಾದ್ರೂ ಒಂದರ ಮೇಲೆ ಬರೀತೀನಿ ಅಂತ ಕೂತು ಬೆಂಕಿ ಆರಿಸ್ಕೊಂಡ. ರೇಡಿಯೋಗೆ ಅಂತ ಮೂರು ನಿಮಿಷದೊಳಗೆ ಕತ್ತರಿಸಿದ ವರ್ಷನ್ ಒಂದಿದೆ, ಅದರಲ್ಲಿ ಆರ್ಗನ್ ಮತ್ತೆ ಗಿಟಾರ್ ಸೋಲೋ ಹೆಚ್ಚುಕಮ್ಮಿ ಪೂರ್ತಿ ಹಾರಿಸಿಬಿಟ್ಟಿದ್ದಾರೆ, ಅದನ್ನ ಕೇಳಿ ಈ ಹಾಡು ಗೊತ್ತು ಅನ್ಬೇಡಿ. ಆಲ್ಬಮ್‌ದು ಏಳು ನಿಮಿಷ ಇದೆ, ಅದನ್ನೇ ಹಾಕಿ, ಮೊಬೈಲ್ ಸ್ಪೀಕರಲ್ಲಿ ಬೇಡ, ಬೇಸ್ ಭಾಗನೂ ಕೀಬೋರ್ಡಲ್ಲೇ ಎಡಗೈಲಿ ನುಡಿಸ್ತಿದ್ದ ಮನುಷ್ಯ ರೇ ಮ್ಯಾನ್ಜರೆಕ್, ಅವನ ಸೋಲೋಗೆ ಹೆಡ್‌ಫೋನ್ ಬೇಕೇ ಬೇಕು.